ಅರೆತಲೆನೋವಿನ ತಡೆಮದ್ದು: ಒಂದು ಚಾರಿತ್ರಿಕ ನೋಟ

(ದುಕ್ಮ್‌ನ ಕನ್ನಡ ಬಂಧುಗಳ ಕೂಟದಲ್ಲಿ ನೀಡಿದ ಉಪನ್ಯಾಸದ ಪಾಠ)



ನಾವು ಅರೆತಲೆನೋವು ಎನ್ನುವ ವ್ಯಾಧಿಯನ್ನು ಸಂಸ್ಕೃತದ ವೈದ್ಯಗ್ರಂಥಗಳು ಅರ್ಧಾವಭೇದಕವೆಂದು ಕರೆದಿವೆ. ಗ್ರೀಕ್ ವೈದ್ಯ ಗ್ಯಾಲೆನ್ ಬಳಸಿದ ‘ಹೆಮಿಕ್ರೇನಿಯಾ’ ಎಂಬ ಪದವೇ ಕಾಲಾಂತರದಲ್ಲಿ ಸವೆದು ಮೈಗ್ರೇನ್ ಆಯಿತು. ನಾವೀಗ ನೆಲೆಸಿರುವ ನಾಡಿನ ಅರಬ್ಬಿಯಲ್ಲಿ ಇದರ ಹೆಸರು ‘ಶಕೀಕಾ’. ಎಲ್ಲ ಹೆಸರುಗಳಲ್ಲೂ ಇಬ್ಭಾಗವಾದ ತಲೆಯ ಕಲ್ಪನೆಯೇ ಇದೆ. ಭಾಷೆ ಬೇರೆ, ನರಳಿಕೆ ಒಂದೇ.

ಬಂದ ನೋವನ್ನು ಶಮನಗೊಳಿಸುವುದು ಒಂದು ಮಾತು. ಬಾರದಂತೆ ತಡೆಯುವುದು ಇನ್ನೊಂದು. ಹತ್ತು ದಿನಕ್ಕೋ ಪಕ್ಷಕ್ಕೋ ಮರುಕಳಿಸುವುದು ಈ ನೋವಿನ ಲಕ್ಷಣವೆಂದು ಸುಶ್ರುತಸಂಹಿತೆ ಗುರುತಿಸಿತ್ತು. ಒಣ ಆಹಾರ, ಉಂಡದ್ದು ಅರಗುವ ಮೊದಲೇ ಮತ್ತೆ ಉಣ್ಣುವುದು, ಅತಿ ಆಯಾಸ, ಮಲಮೂತ್ರಾದಿ ವೇಗಗಳನ್ನು ತಡೆಹಿಡಿಯುವುದು ಮೊದಲಾದವನ್ನು ಚರಕಸಂಹಿತೆ ಕಾರಣಗಳೆಂದು ಪಟ್ಟಿಮಾಡಿದೆ. ಕಾರಣವನ್ನು ವರ್ಜಿಸುವುದೇ ಅಂದಿನ ಮೊದಲ ತಡೆ.

ಆಧುನಿಕ ತಡೆಮದ್ದುಗಳ ಚರಿತ್ರೆಯಾದರೋ ಬಹುಮಟ್ಟಿಗೆ ಆಕಸ್ಮಿಕಗಳ ಚರಿತ್ರೆ. 1959ರಲ್ಲಿ ಇಟಲಿಯ ಸಿಕುತೇರಿ ಮೆಥಿಸರ್ಜೈಡ್ ಔಷಧದ ತಡೆಗುಣವನ್ನು ವರದಿಮಾಡಿದರು. ಅದು ಫಲಕಾರಿಯಾಗಿದ್ದರೂ ದೀರ್ಘಕಾಲ ಸೇವಿಸಿದ ಕೆಲವರ ದೇಹದೊಳಗೆ ನಾರುಗಟ್ಟುವ ಅಪಾಯವನ್ನು ತಂದಿತು. ಬ್ರಿಟನ್ನಿನ ಜೇಮ್ಸ್ ಬ್ಲ್ಯಾಕ್ ಹೃದ್ರೋಗಕ್ಕೆಂದು ರೂಪಿಸಿದ ಪ್ರೊಪ್ರನೊಲಾಲ್ ಸೇವಿಸುತ್ತಿದ್ದ ಎದೆನೋವಿನ ರೋಗಿಗಳಲ್ಲಿ ತಲೆನೋವೂ ತಗ್ಗಿದ್ದು 1966ರಲ್ಲಿ ಬೆಳಕಿಗೆ ಬಂತು. ಖಿನ್ನತೆಗೆ ಕೊಡುತ್ತಿದ್ದ ಅಮಿಟ್ರಿಪ್ಟಿಲಿನ್, ಅಪಸ್ಮಾರಕ್ಕೆ ಕೊಡುತ್ತಿದ್ದ ಟೊಪಿರಮೇಟ್ ಕೂಡ ಹೀಗೆಯೇ ಬೇರೆ ಮನೆಯಿಂದ ಬಂದ ನೆಂಟರು. ಮುಖದ ಸುಕ್ಕಿಗೆ ಬೊಟುಲಿನಂ ಚುಚ್ಚಿಸಿಕೊಂಡವರು ತಮ್ಮ ತಲೆನೋವು ಕಡಿಮೆಯಾಯಿತೆಂದು ಹೇಳಿದ ಮಾತಿನಿಂದ ಹೊರಟ ಪರಿಶೀಲನೆ, 2010ರಲ್ಲಿ ದೀರ್ಘಕಾಲಿಕ ಮೈಗ್ರೇನಿಗೆ ಆ ಚಿಕಿತ್ಸೆಯ ಮಾನ್ಯತೆಯಲ್ಲಿ ಫಲಿಸಿತು. ವೈದ್ಯರು ರೋಗಿಯ ಮಾತಿಗೆ ಕಿವಿಗೊಟ್ಟದ್ದರಿಂದಲೇ ಇಂಥ ಬಾಗಿಲುಗಳು ತೆರೆದವೆಂಬುದನ್ನು ನಾವು ಮರೆಯಬಾರದು.

1982ರಲ್ಲಿ ಪತ್ತೆಯಾದ ಸಿಜಿಆರ್‌ಪಿ ಎಂಬ ನರರಾಸಾಯನಿಕವು ನೋವಿನ ವೇಳೆ ರಕ್ತದಲ್ಲಿ ಏರುವುದನ್ನು 1990ರಲ್ಲಿ ಗೋಡ್ಸ್‌ಬಿ ಮತ್ತು ಎಡ್ವಿನ್ಸನ್ ತೋರಿಸಿದರು. ಆ ಅರಿವಿನ ಮೇಲೆ ರೂಪುಗೊಂಡ ಮೊದಲ ತಡೆ ಚುಚ್ಚುಮದ್ದು ಎರೆನುಮ್ಯಾಬ್ 2018ರಲ್ಲಿ ಬಳಕೆಗೆ ಬಂತು.

ಇದು ನಮಗೆ ದೂರದ ಕಥೆಯಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ತಜ್ಞರು 2009–10ರಲ್ಲಿ ಬೆಂಗಳೂರು ನಗರ ಮತ್ತು ಸುತ್ತಲಿನ ಗ್ರಾಮಗಳಲ್ಲಿ ಮನೆಮನೆಗೆ ಹೋಗಿ 2329 ವಯಸ್ಕರನ್ನು ವಿಚಾರಿಸಿದಾಗ, ವರ್ಷವೊಂದರಲ್ಲಿ ಮೈಗ್ರೇನ್ ಅನುಭವಿಸಿದವರು ಶೇಕಡಾ 25ರಷ್ಟೆಂದು ತಿಳಿದುಬಂತು. ಸ್ತ್ರೀಯರಲ್ಲಿ ಇದು ಹೆಚ್ಚು. ಆದರೂ ಕತ್ತಲೆಯ ಕೋಣೆಯಲ್ಲಿ ಮಲಗಿದ ಗೃಹಿಣಿಯ ನೋವನ್ನು ನೆಪವೆಂದು ಹಗುರಾಗಿ ಕಾಣುವ ರೂಢಿ ನಮ್ಮ ಮನೆಗಳಿಂದ ಇನ್ನೂ ತೊಲಗಿಲ್ಲ.

ದುಕ್ಮ್‌ನಂತಹ ಊರಿನಲ್ಲಿ ಇನ್ನೊಂದು ಅಪಾಯವಿದೆ. ಬಂದರು, ಹಡಗುಕಟ್ಟೆ, ತೈಲ ಸಂಸ್ಕರಣಾಗಾರಗಳ ಪಾಳಿಯ ದುಡಿಮೆ, ಬಿಸಿಲು, ನಿದ್ರಾಭಂಗ, ಹೊತ್ತು ತಪ್ಪಿದ ಊಟ ಇವೆಲ್ಲ ನೋವನ್ನು ಕೆರಳಿಸುತ್ತವೆ. ಪಾಳಿ ತಪ್ಪಬಾರದೆಂದು ನೋವಿನ ಮಾತ್ರೆ ನುಂಗುವುದು ಅಭ್ಯಾಸವಾಗುತ್ತದೆ. ತಿಂಗಳಲ್ಲಿ ಹದಿನೈದು ದಿನ ಸಾಮಾನ್ಯ ನೋವುಮಾತ್ರೆ ಸೇವಿಸಿದರೆ, ಕೆಲವು ಮಾತ್ರೆಗಳಾದರೆ ಹತ್ತೇ ದಿನ ಸೇವಿಸಿದರೂ, ಆ ಮದ್ದೇ ತಲೆನೋವಿಗೆ ಕಾರಣವಾಗಬಲ್ಲದು. ಮೂರು ತಿಂಗಳಿಗೂ ಮಿಕ್ಕಿ, ತಿಂಗಳಿಗೆ ಹದಿನೈದು ದಿನವಾದರೂ ತಲೆನೋವಿದ್ದು, ಅದರಲ್ಲಿ ಎಂಟು ದಿನವಾದರೂ ಮೈಗ್ರೇನಿನ ಲಕ್ಷಣವಿದ್ದರೆ ಅದನ್ನು ದೀರ್ಘಕಾಲಿಕವೆನ್ನುತ್ತಾರೆ.

ತಡೆಮದ್ದು ನೋವುಮಾತ್ರೆಯಂತೆ ಗಂಟೆಯಲ್ಲಿ ಫಲ ಕೊಡದು. ಅಲ್ಪ ಪ್ರಮಾಣದಲ್ಲಿ ಆರಂಭಿಸಿ, ನಿತ್ಯ ಸೇವಿಸಿ, ಎರಡು ಮೂರು ತಿಂಗಳು ಕಾದು ನೋಡಬೇಕು. ವಾರದಲ್ಲೇ ಗುಣವಿಲ್ಲವೆಂದು ಕೈಬಿಡುವವರೇ ಬಹಳ. ಉಬ್ಬಸವುಳ್ಳವರಿಗೆ ಪ್ರೊಪ್ರನೊಲಾಲ್ ಸಲ್ಲದು. ಗರ್ಭಿಣಿಯರಿಗೂ ಗರ್ಭ ಧರಿಸಬಯಸುವವರಿಗೂ ಟೊಪಿರಮೇಟ್, ವ್ಯಾಲ್‌ಪ್ರೊಯೇಟ್‌ಗಳು ಸಲ್ಲವು. ಆದುದರಿಂದ ನೆರೆಯವರ ಚೀಟಿಯನ್ನು ನೋಡಿ ಮದ್ದು ಕೊಳ್ಳಬಾರದು. ಮಸ್ಕತ್ ಇಲ್ಲಿಂದ ಸುಮಾರು 550 ಕಿಲೋಮೀಟರ್. ತಜ್ಞರನ್ನು ಪದೇ ಪದೇ ಕಾಣುವುದು ಸುಲಭವಲ್ಲ. ನೋವು ಬಂದ ದಿನ, ನುಂಗಿದ ಮಾತ್ರೆ, ನಿದ್ರೆ, ಊಟ ಇವನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು ಒಯ್ದರೆ ಒಂದೇ ಭೇಟಿಯಲ್ಲಿ ಹೆಚ್ಚು ಪ್ರಯೋಜನವಾದೀತು.

ಈ ಚರಿತ್ರೆ ನಮಗೆ ಹೇಳುವುದಿಷ್ಟು: ನೋವನ್ನು ನಂಬುವುದರಿಂದಲೇ ಅದರ ತಡೆ ಆರಂಭವಾಗುತ್ತದೆ. ಆ ನಂಬಿಕೆ ಆಸ್ಪತ್ರೆಗಿಂತ ಮೊದಲು ಮನೆಯಲ್ಲಿ ಹುಟ್ಟಲಿ.