ಬಿರುದ ರೂವಾರಿ: ಪೀಠದ ಬರಹಗಳಲ್ಲಿ ಶಿಲ್ಪಿಗಳ ಪೈಪೋಟಿ

ಅರಸೀಕೆರೆ ಎಂದೊಡನೆ ಹಾಸನದ ಕಡೆಯದೆಂದು ತಿಳಿಯುವವರೇ ಹೆಚ್ಚು. ಇಲ್ಲಿ ಹೇಳುತ್ತಿರುವುದು ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆ. ಸುತ್ತಲೂ ಕಲ್ಯಾಣ ಚಾಲುಕ್ಯರ ಗುಡಿಗಳು: ಬಾಗಳಿ, ನೀಲಗುಂದ, ಅಂಬಳಿ, ಕುರುವತ್ತಿ. ಬಾಗಳಿಯ ಕಲ್ಲೇಶ್ವರನ ಪ್ರತಿಷ್ಠೆಯನ್ನು 987ರ ಶಾಸನ ದುಗ್ಗಿಮಯ್ಯನಿಗೆ ಸಲ್ಲಿಸುತ್ತದೆ. ಒಂದನೆಯ ಸೋಮೇಶ್ವರ ಕುರುವತ್ತಿಯಲ್ಲಿ ತುಂಗಭದ್ರೆಗೆ ಇಳಿದು ಪ್ರಾಣಬಿಟ್ಟದ್ದು 1068ರಲ್ಲಿ. ದಾನಿಗೆ ಹೆಸರುಂಟು, ಅರಸನ ಸಾವಿಗೆ ತೇದಿಯುಂಟು. ಕುರುವತ್ತಿಯ ಮಲ್ಲಿಕಾರ್ಜುನ ಗುಡಿಯಲ್ಲಿ, ಕಂಬದ ತಲೆಗೆ ಓರೆಯಾಗಿ ನಿಂತ ಮದನಿಕೆಯರನ್ನು ಕಡೆದವನ ಗುರುತನ್ನು ಮಾತ್ರ ಉಳಿಯ ಗೆರೆಯಲ್ಲೇ ಹುಡುಕಬೇಕು.

ಆ ಮದನಿಕೆಯರು ಬೇಲೂರಿನವರಿಗೆ ಹಿರಿಯರು. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವನ ಗುಡಿಗೆ ಬರುವ ಹೊತ್ತಿಗೆ ಶಿಲ್ಪಿ ಮಾತಾಡತೊಡಗುತ್ತಾನೆ. ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ಮದನಿಕೆಯರ ಪೀಠದಲ್ಲಿ ಹೆಸರು ಕೊರೆದಿದ್ದಾರೆ. ಚಾವಣ ಅಷ್ಟಕ್ಕೇ ನಿಲ್ಲುವುದಿಲ್ಲ. ಬಿರುದು ಹೊತ್ತ ರೂವಾರಿಗಳು ಮನ್ಮಥರಾದರೆ ತಾನು ಅವರನ್ನು ಸುಡುವ ಮಹೇಶ ಎನ್ನುತ್ತಾನೆ. ಧಾಟಿ ದಂಡನಾಯಕರದು, ಕೈಯಲ್ಲಿರುವುದು ಚಾಣ. ಇದನ್ನು ಬರಿಯ ಜಂಬವೆಂದು ತಳ್ಳಿಹಾಕುವುದು ಸುಲಭ, ನನಗೆ ಹಾಗನ್ನಿಸುವುದಿಲ್ಲ. ಬಿರುದಿನ ರೂವಾರಿಗಳು ಹಲವರಿದ್ದರೆಂಬುದನ್ನು ಆ ಮಾತೇ ಒಪ್ಪಿಕೊಳ್ಳುತ್ತದೆ. ಮೇಲಾಗಿ, ಅಷ್ಟು ಎತ್ತರದ ಪುಟ್ಟ ಅಕ್ಷರಗಳನ್ನು ಭಕ್ತರು ಓದಿಯಾರೆ? ಅಟ್ಟಣೆ ಏರುವ ಸಹಶಿಲ್ಪಿಗಳು ಓದುತ್ತಾರೆ.

ಇಟಲಿಯ ಪುನರುಜ್ಜೀವನದಲ್ಲಿ ಇಂಥ ಪೈಪೋಟಿಗೆ ಕಾಗದಪತ್ರಗಳ ಆಸರೆಯಿದೆ. 1401ರಲ್ಲಿ ಫ್ಲಾರೆನ್ಸಿನ ಬ್ಯಾಪ್ಟಿಸ್ಟರಿಯ ಕಂಚಿನ ಬಾಗಿಲಿಗಾಗಿ ಗಿಬರ್ತಿ, ಬ್ರುನೆಲೆಸ್ಕಿ ಇಬ್ಬರೂ ಇಸಾಕನ ಬಲಿಯ ಪ್ರಸಂಗವನ್ನೇ ಎರಕ ಹೊಯ್ದರು. ಗೆದ್ದ ಗಿಬರ್ತಿ ತನ್ನ ಗೆಲುವನ್ನು ತಾನೇ ಬರೆದಿಟ್ಟ. ಬ್ರುನೆಲೆಸ್ಕಿಯ ಚರಿತ್ರೆಕಾರ ಬೇರೆಯದೇ ಕಥೆ ಹೇಳಿದ. ಆದರೆ ಎರಡು ಫಲಕಗಳೂ ಉಳಿದಿರುವುದರಿಂದ ನೋಡುವವನೇ ತೂಗಿ ನೋಡಬಹುದು.

ನಮ್ಮಲ್ಲಿ ಆ ಅವಕಾಶ ಕೊಡುವುದು ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ. 1246ರ ಲಕ್ಷ್ಮೀನರಸಿಂಹ ಗುಡಿಯ ತೆಂಕಣ ಗೋಡೆಯಲ್ಲಿ ನಂದಿಯ ಬೈಚೋಜನ ರುಜು, ಬಡಗಣದಲ್ಲಿ ಮಲ್ಲಿತಮ್ಮನದು. ಇಬ್ಬರೂ ಜಗಳವಾಡಿದರೆಂದು ಇದರಿಂದ ಹೇಳಲಾಗದು. ಜಕಣಾಚಾರಿ–ಡಂಕಣರ ಕಥೆಯಂತೆ ಅದೂ ಐತಿಹ್ಯವಾದೀತು. ಆದರೆ ಒಂದೇ ಬಳಪದ ಕಲ್ಲು, ಒಂದೇ ಬಗೆಯ ದೇವರ ಸಾಲು, ಕೈ ಮಾತ್ರ ಬೇರೆ. ಬೈಚೋಜನ ವಿಗ್ರಹಗಳಲ್ಲಿ ನಯ ಹೆಚ್ಚು, ಮಲ್ಲಿತಮ್ಮನವುಗಳಲ್ಲಿ ಕಸುವು. ಪ್ರದಕ್ಷಿಣೆ ಬರುವವನು ಮೊದಲು ಹಾಯುವುದು ಬೈಚೋಜನ ಗೋಡೆಯನ್ನು. ಗರ್ಭಗುಡಿಯ ಹಿಂಬದಿ ಬಳಸಿದ ಮೇಲೆ ಮಲ್ಲಿತಮ್ಮನದು.