ಬಸುರಿಯ ತೂಕ: ಒಂದು ಹಳೆಯ ಭಯದ ಇತಿಹಾಸ

ಬಸುರಿಯು ಹೊಟ್ಟೆ ತುಂಬ ಉಂಡರೆ ಮಗು ಬಲಿತು ಹೆರಿಗೆ ಕಷ್ಟವಾಗುವುದೆಂಬ ಮಾತನ್ನು ನಮ್ಮ ಹಳ್ಳಿಗಳ ಹಿರಿಯರಿಂದ ನೀವೆಲ್ಲರೂ ಕೇಳಿರುತ್ತೀರಿ. ಅಜ್ಞಾನವೆಂದು ನಕ್ಕವರೂ ಉಂಟು. ಆದರೆ ಯುರೋಪಿನ ವಿದ್ವಾಂಸ ವೈದ್ಯರೂ ಒಂದು ಕಾಲದಲ್ಲಿ ಇದನ್ನೇ ಬೋಧಿಸಿದ್ದರೆಂಬುದು ಅನೇಕರಿಗೆ ತಿಳಿದಿರಲಾರದು.

1889ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದ ವೈದ್ಯ ಲುಡ್ವಿಗ್ ಪ್ರೊಕೋವ್ನಿಕ್, ಗರ್ಭಿಣಿಯರಿಗೆ ಕಡೆಯ ವಾರಗಳಲ್ಲಿ ನೀರು, ಹಿಟ್ಟು, ಸಕ್ಕರೆಗಳನ್ನು ಕಡಿತಗೊಳಿಸುವ ಪಥ್ಯವೊಂದನ್ನು ಪ್ರಕಟಿಸಿದರು. ಮಗು ಚಿಕ್ಕದಾಗಿ ಹುಟ್ಟಲೆಂಬುದೇ ಉದ್ದೇಶ. ಅಂದು ಬಿಸಿಲು ಕಾಣದ ಕೈಗಾರಿಕಾ ನಗರಗಳಲ್ಲಿ ರಿಕೆಟ್ಸ್ ರೋಗದಿಂದ ಅನೇಕ ಹೆಣ್ಣುಮಕ್ಕಳ ಸೊಂಟದ ಮೂಳೆಗಳು ಸೊಟ್ಟಗಾಗಿ ಹೆರಿಗೆಯ ದಾರಿ ಕಿರಿದಾಗುತ್ತಿತ್ತು. ಸಿಸೇರಿಯನ್ ಶಸ್ತ್ರಚಿಕಿತ್ಸೆಯೋ ಪ್ರಾಣಾಂತಿಕ. ಆ ಸಂದರ್ಭದಲ್ಲಿ ಅವರ ಯೋಚನೆಯನ್ನು ಅವಿವೇಕವೆನ್ನಲು ನನ್ನ ಮನಸ್ಸು ಒಪ್ಪದು.

ದುರಂತವೆಂದರೆ, ಕಾರಣ ಮರೆಯಾದರೂ ಪಥ್ಯ ಉಳಿಯಿತು. ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಅಮೆರಿಕದ ವೈದ್ಯರು ಒಂಬತ್ತು ತಿಂಗಳಲ್ಲಿ 7ರಿಂದ 9 ಕಿಲೋಗಿಂತ ಹೆಚ್ಚು ತೂಕ ಏರದಂತೆ ಕಟ್ಟುನಿಟ್ಟು ಮಾಡುತ್ತಿದ್ದರು. ಗರ್ಭಿಣಿಯರಿಗೆ ರಕ್ತದೊತ್ತಡವೇರಿ ಕೈಕಾಲು ಊದಿ ಫಿಟ್ಸ್ ಬರುವ ಕಾಯಿಲೆಯನ್ನು ಇದರಿಂದ ತಡೆಯಬಹುದೆಂದು ಅವರು ನಂಬಿದ್ದರು. ಆ ಕಾಯಿಲೆಯಲ್ಲಿ ದೇಹದಲ್ಲಿ ನೀರು ತುಂಬಿ ತೂಕ ಹಠಾತ್ತನೆ ಏರುವುದು ನಿಜ. ಆದರೆ ಅದು ರೋಗದ ಲಕ್ಷಣವೇ ಹೊರತು ಕಾರಣವಲ್ಲ. ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಇಂತಹ ತಲೆಕೆಳಗಾದ ತರ್ಕವನ್ನು ನಾನು ಎಷ್ಟು ಬಾರಿ ಕೆಂಪುಶಾಯಿಯಿಂದ ಗುರುತಿಸಿದ್ದೇನೋ!

ಕಣ್ಣು ತೆರೆಸಿದ ಸಾಕ್ಷ್ಯಗಳಲ್ಲೊಂದು ಹಸಿವಿನಿಂದಲೇ ಬಂದಿತು. 1944ರ ಸೆಪ್ಟೆಂಬರಿನಲ್ಲಿ ಹಾಲೆಂಡಿನ ರೈಲ್ವೆ ನೌಕರರು ಮುಷ್ಕರ ಹೂಡಿದಾಗ ಜರ್ಮನ್ ಆಡಳಿತವು ದೇಶದ ಪಶ್ಚಿಮ ಭಾಗಕ್ಕೆ ಆಹಾರ ಸಾಗಣೆಯನ್ನು ತಡೆಯಿತು. ಆ ಚಳಿಗಾಲದಲ್ಲಿ ಒಬ್ಬರ ದಿನದ ಪಡಿತರ ಸಾವಿರ ಕ್ಯಾಲೊರಿಗಿಂತ ಕೆಳಗಿಳಿಯಿತು. ಜನ ಟುಲಿಪ್ ಗೆಡ್ಡೆಗಳನ್ನು ಬೇಯಿಸಿ ತಿಂದರು. 1945ರ ಮೇ ತಿಂಗಳಲ್ಲಿ ಬಿಡುಗಡೆಯಾಗುವವರೆಗೂ ಆಸ್ಪತ್ರೆಗಳು ಹೆರಿಗೆಯ ದಾಖಲೆಗಳನ್ನು ಮಾತ್ರ ಬಿಡದೆ ಬರೆದಿಟ್ಟಿದ್ದವು. ಬಸಿರಿನ ಕಡೆಯ ಮೂರು ತಿಂಗಳು ಹಸಿದ ತಾಯಂದಿರ ಶಿಶುಗಳು ಸರಾಸರಿ ಸುಮಾರು 300 ಗ್ರಾಂ ಹಗುರವಾಗಿ ಹುಟ್ಟಿದವು. ಬಸಿರಿನ ಮೊದಲ ತಿಂಗಳುಗಳಲ್ಲಿ ಕ್ಷಾಮ ತಟ್ಟಿದವರ ಮಕ್ಕಳ ತೂಕ ಹೆಚ್ಚೇನೂ ಕುಗ್ಗಲಿಲ್ಲ. ಆದರೆ ಅವರಲ್ಲಿ ನಡುವಯಸ್ಸಿನ ಹೊತ್ತಿಗೆ ಹೃದ್ರೋಗ ಹೆಚ್ಚಾಗಿ ಕಂಡಿತು.

1970ರಲ್ಲಿ ಅಮೆರಿಕದ ರಾಷ್ಟ್ರೀಯ ಸಮಿತಿಯೊಂದು ಹಳೆಯ ಮಿತಿಯನ್ನು ಕೈಬಿಟ್ಟು ಸರಾಸರಿ 11 ಕಿಲೋ ಏರಿಕೆಯನ್ನು ಒಪ್ಪಿತು. ಅಲ್ಲಿನ 2009ರ ಸೂಚನೆಯಂತೆ, ಬಸುರಾಗುವ ಮುನ್ನ ಕೃಶಳಾಗಿದ್ದವಳಿಗೆ 12.5ರಿಂದ 18 ಕಿಲೋ, ಸಹಜ ಮೈಕಟ್ಟಿನವಳಿಗೆ 11.5ರಿಂದ 16, ಸ್ಥೂಲಕಾಯದವಳಿಗೆ 5ರಿಂದ 9 ಕಿಲೋ ಏರಿಕೆ ಹಿತ. ಅಲ್ಲಿನ ಹೆಂಗಸರಿಗಾಗಿ ಮಾಡಿದ ಲೆಕ್ಕವಿದು. ನಮ್ಮ ಹೆಣ್ಣುಮಕ್ಕಳು ತಮ್ಮ ವೈದ್ಯರನ್ನೇ ಕೇಳಿಕೊಳ್ಳುವುದು ಲೇಸು.

ನಮ್ಮ ರಾಜ್ಯದಲ್ಲಿ 2017ರ ಅಕ್ಟೋಬರ್ 2ರಂದು ಮಾತೃಪೂರ್ಣ ಯೋಜನೆ ಆರಂಭವಾಯಿತು. ಅನ್ನ, ಸಾಂಬಾರು, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿಗಳ ಊಟವನ್ನು ಅಂಗನವಾಡಿಯಲ್ಲೇ ಬಡಿಸುವ ಏರ್ಪಾಡದು. ಮನೆಗೆ ಕೊಟ್ಟ ಧಾನ್ಯ ಮನೆಮಂದಿಗೆಲ್ಲ ಹಂಚಿಹೋಗುತ್ತಿದ್ದುದರಿಂದ, ಬಸುರಿಯು ಅಲ್ಲಿಯೇ ಕುಳಿತು ತನ್ನ ಪಾಲನ್ನು ತಾನೇ ಉಣ್ಣಲೆಂದು ಹಾಗೆ ಮಾಡಿದರು.