ಬಿರುಕು ಬಾಯಿ ಬಿಡುವ ಮುನ್ನ

ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳಿನಿಂದ ತಟ್ಟಿ ನೋಡುತ್ತಾರೆ. ಗಟ್ಟಿ ಮಡಕೆ ಠಣ್ ಎನ್ನುತ್ತದೆ, ಸೀಳಿದ್ದರೆ ಒಡಕು ಸದ್ದು ಬರುತ್ತದೆ. ಕಣ್ಣಿಗೆ ಕಾಣದ ಬಿರುಕನ್ನು ಸದ್ದಿನಿಂದ ಹಿಡಿಯುವ ಉಪಾಯ ಇದು.

ಇದನ್ನೇ ಲೋಹಕ್ಕೂ ಮಾಡುವ ಯಂತ್ರಕ್ಕೆ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಫ್ಲಾಯ್ಡ್ ಫೈರ್‌ಸ್ಟೋನ್ 1940ರಲ್ಲಿ ಪೇಟೆಂಟ್ ಕೋರಿದರು. ಕಿವಿಗೆ ಕೇಳದಷ್ಟು ವೇಗವಾಗಿ ಕಂಪಿಸುವ ಸದ್ದು, ಅಂದರೆ ಅಲ್ಟ್ರಾಸೌಂಡ್, ಲೋಹದೊಳಗೆ ಹೋಗಿ ಬಿರುಕಿಗೆ ತಾಗಿ ವಾಪಸ್ ಬರುತ್ತಿತ್ತು. ನಮ್ಮ ರೈಲ್ವೆಯವರು ಹಳಿಯ ಮೇಲೆ ಟ್ರಾಲಿ ತಳ್ಳಿಕೊಂಡು ಮಾಡುವ ಅಲ್ಟ್ರಾಸೌಂಡ್ ಪರೀಕ್ಷೆಯ ತತ್ವವೂ ಇದೇ.

ಆದರೆ ಒಂದು ಕೊರತೆ ಉಳಿಯಿತು. ಬಿಗಿಯಾಗಿ ಮುಚ್ಚಿಕೊಂಡ ಬಿರುಕಿನಿಂದ ಪ್ರತಿಧ್ವನಿ ಸರಿಯಾಗಿ ಬರುವುದಿಲ್ಲ. ಅದು ಬಾಯಿ ಬಿಡುವವರೆಗೆ ಕಾದರೆ ಹಳಿಯೇ ಮುರಿಯಬಹುದು.

ದಾರಿ ತೋರಿಸಿದ್ದು ಗಣಿತ. ಎಷ್ಟು ಎಳೆತವೋ ಅಷ್ಟು ಹಿಗ್ಗು ಎಂಬ ನಿಯಮವನ್ನು ಇಂಗ್ಲೆಂಡಿನ ರಾಬರ್ಟ್ ಹುಕ್ 1678ರಲ್ಲೇ ವಿವರಿಸಿದ್ದರು. ಈ ನಿಯಮದ ಪ್ರಕಾರ ಲೋಹದಲ್ಲಿ ಎದುರಾದ ಎರಡು ಅಲೆಗಳು ಒಂದನ್ನೊಂದು ದಾಟಿ ಸುಮ್ಮನೆ ಹೋಗಬೇಕು. ನಿಜವಾದ ಲೋಹದಲ್ಲಿ ಈ ಲೆಕ್ಕ ಕೂದಲೆಳೆಯಷ್ಟು ತಪ್ಪುತ್ತದೆ. ಆ ತಪ್ಪಿದ ಭಾಗವನ್ನೂ ಸೇರಿಸಿ ಗಣಿತಜ್ಞ ಫ್ರಾನ್ಸಿಸ್ ಮರ್ನಹನ್ 1937ರಲ್ಲಿ ಹೊಸ ಲೆಕ್ಕ ಕಟ್ಟಿದರು. ಅದರಿಂದ ಸಮೀಕರಣದೊಳಗೆ ವರ್ಗ ಬಂತು.

ಈಗ ಹೈಸ್ಕೂಲಿನ ಸೂತ್ರ ನೆನಪಿಸಿಕೊಳ್ಳಿ. ಎ ಮತ್ತು ಬಿ ಕೂಡಿಸಿ ವರ್ಗ ಮಾಡಿದರೆ ಎ ವರ್ಗ, ಬಿ ವರ್ಗದ ಜೊತೆಗೆ 2ಎಬಿ ಕೂಡ ಬರುತ್ತದೆ. ಎ ಒಂದು ಅಲೆ, ಬಿ ಇನ್ನೊಂದು ಅಲೆ ಎಂದುಕೊಳ್ಳಿ. 2ಎಬಿ ಅಂದರೆ ಎರಡೂ ಸೇರಿ ಹುಟ್ಟಿಸುವ ಮೂರನೇ ಅಲೆ. 5 ಮತ್ತು 3 ಮೆಗಾಹರ್ಟ್ಸ್ ಅಲೆಗಳು ಸೇರಿದರೆ 8 ಅಥವಾ 2 ಮೆಗಾಹರ್ಟ್ಸ್‌ನದು ಹುಟ್ಟಬಹುದು. ಯಾವ ಕೋನದಲ್ಲಿ ಎದುರಾದರೆ ಅದು ಬಲವಾಗಿ ಹುಟ್ಟುತ್ತದೆ ಎಂದು ಅಮೆರಿಕದ ಜೋನ್ಸ್ ಮತ್ತು ಕೋಬೆಟ್ 1963ರಲ್ಲಿ ಲೆಕ್ಕ ಹಾಕಿದರು. ಅದೇ ವರ್ಷ ರೋಲಿನ್ಸ್ ಪ್ರಯೋಗ ಮಾಡಿ ತೋರಿಸಿದರು.

ಇದರಿಂದ ಲಾಭವೇನು? ಭಾರ ಹೊತ್ತು ಹೊತ್ತು ಲೋಹ ದಣಿದಾಗ, ಬಿರುಕು ಕಾಣುವ ಮೊದಲೇ, ಇಂಥ ಹೊಸ ಅಲೆಗಳ ಬಲ ಬದಲಾಗುತ್ತದೆ. ಮುಚ್ಚಿದ ಬಿರುಕಿನ ಎರಡು ಮುಖಗಳೂ ಅಲೆ ಬಂದಾಗ ಚಪ್ಪಾಳೆಯಂತೆ ತಟ್ಟಿಕೊಂಡು ಹೊಸ ಕಂಪನ ಹುಟ್ಟಿಸುತ್ತವೆ. ಪ್ರತಿಧ್ವನಿ ಕೊಡದ ಬಿರುಕು ಹೀಗೆ ತಾನೇ ಸಿಕ್ಕಿಬೀಳುತ್ತದೆ.

ಎ ವರ್ಗವೂ ವ್ಯರ್ಥವಾಗಲಿಲ್ಲ. ಅದು ಕಳಿಸಿದ ಕಂಪನವನ್ನು ಇಮ್ಮಡಿ ಮಾಡುತ್ತದೆ. ನಮ್ಮ ಮೈಯೊಳಗೂ ಹೀಗೇ ಆಗುತ್ತದೆ. 1990ರ ದಶಕದ ಕೊನೆಯಿಂದ ಆಸ್ಪತ್ರೆಯ ಎಷ್ಟೋ ಸ್ಕ್ಯಾನಿಂಗ್ ಯಂತ್ರಗಳು ಆ ಇಮ್ಮಡಿ ಕಂಪನವನ್ನೇ ಆಲಿಸಿ ಹೆಚ್ಚು ಸ್ಪಷ್ಟವಾದ ಚಿತ್ರ ಕೊಡುತ್ತಿವೆ. ತೀರಾ ಸಣ್ಣದೆಂದು ಲೆಕ್ಕದಿಂದ ಬಿಟ್ಟಿದ್ದ ಪದವೇ ಇಂದು ಜೀವ ಕಾಯುವ ಕೆಲಸಕ್ಕೆ ನಿಂತಿದೆ.